ಕೆಟ್ಟ ಹಾರ್ಡ್ ಡಿಸ್ಕ್ ಎಂದರೆ ಖಾಲಿ ಹಾರ್ಡ್ ಡಿಸ್ಕ್ ಅಲ್ಲ

ಮಾನ್ಯ ಸಂಪಾದಕರೇ,

ತುಮಕೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಂಪ್ಯೂಟರ್ ದುರಸ್ತಿ ಅಂಗಡಿ ನಡೆಸುತ್ತಿರುವ ನಾನು, ನಮ್ಮ ಕಸುಬಿನವರೆಲ್ಲ ದಿನವೂ ನೋಡುತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲಾಡಳಿತ, ಮಹಾನಗರ ಪಾಲಿಕೆ ಹಾಗೂ ಓದುಗರ ಗಮನಕ್ಕೆ ತರಲು ಬಯಸುತ್ತೇನೆ. ಕೆಟ್ಟುಹೋದ ಹಾರ್ಡ್ ಡಿಸ್ಕ್‌ಗಳನ್ನು ಏನು ಮಾಡಬೇಕು ಎಂಬುದೇ ಆ ವಿಷಯ. ನನ್ನ ಅಂಗಡಿಯ ಮೇಜಿನ ಕೆಳಗೆ ಎರಡು ರಟ್ಟಿನ ಪೆಟ್ಟಿಗೆಗಳಿವೆ. 'ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿಕೊಡಿ' ಎಂದು ಬಂದವರು, ಹಳೆಯದನ್ನು ಕೈಗೆ ಕೊಟ್ಟರೆ, 'ನೀವೇ ಇಟ್ಟುಕೊಳ್ಳಿ, ನಮಗೆ ಅದರಿಂದ ಏನಾಗಬೇಕು' ಎಂದು ಬಿಟ್ಟುಹೋದ ಡಿಸ್ಕ್‌ಗಳು ಅವು. ಕಳೆದ ವಾರ ಎಣಿಸಿದಾಗ 163 ಇದ್ದವು. ವಕೀಲರ ಕಚೇರಿಯವು, ಮದುವೆ ಫೋಟೊ ತೆಗೆಯುವ ಸ್ಟುಡಿಯೊಗಳವು, ಆಡಿಟರ್‌ಗಳವು, ಶಾಲೆಗಳವು, ಮನೆಗಳವು. ಅವುಗಳಲ್ಲಿ ಒಂದನ್ನೂ ನಾನು ಗುಜರಿಗೆ ಹಾಕಿಲ್ಲ. ಹಾಕದಿರುವುದಕ್ಕೆ ಕಾರಣವಿದೆ.

ಎರಡು ವರ್ಷಗಳ ಹಿಂದೆ ನಮ್ಮಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ, ಬೆಸುಗೆ ಹಾಕುವುದನ್ನು ಅಭ್ಯಾಸ ಮಾಡಲೆಂದು ಗುಜರಿ ಅಂಗಡಿಯಿಂದ ನಾಲ್ಕು ಕೆಟ್ಟ ಹಾರ್ಡ್ ಡಿಸ್ಕ್‌ಗಳನ್ನು ತೂಕದ ಲೆಕ್ಕದಲ್ಲಿ ಕೊಂಡು ತಂದ. ಒಂದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ 'ಡೆಡ್' ಎಂದು ಬರೆದಿತ್ತು. ಕರೆಂಟು ಕೊಟ್ಟರೆ ಅಲುಗಾಡುತ್ತಿರಲಿಲ್ಲ. ತಿರುಗಿಸಿ ನೋಡಿದಾಗ, ಹಸಿರು ಬೋರ್ಡಿನ ಅಂಚಿನಲ್ಲಿ, ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಡಯೋಡೊಂದು ಸುಟ್ಟು ಕಪ್ಪಾಗಿತ್ತು. ವಿದ್ಯುತ್ ಏರಿಳಿತದಿಂದ ಡಿಸ್ಕನ್ನು ಕಾಪಾಡಲೆಂದೇ ಇಟ್ಟಿರುವ ಭಾಗವದು; ಹೆಚ್ಚಿನ ವೋಲ್ಟೇಜ್ ಬಂದಾಗ ತಾನು ಸುಟ್ಟುಹೋಗಿ ಉಳಿದದ್ದನ್ನು ಉಳಿಸುತ್ತದೆ. ಹುಡುಗ ಅದನ್ನು ಕಿತ್ತು ತೆಗೆದು ಮತ್ತೆ ಕರೆಂಟು ಕೊಟ್ಟ. ಡಿಸ್ಕ್ ಗುಂಯ್‌ಗುಡುತ್ತ ತಿರುಗಲಾರಂಭಿಸಿತು. ಪರದೆಯ ಮೇಲೆ ತೆರೆದುಕೊಂಡದ್ದು ರಕ್ತಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದ ಸುಮಾರು ಏಳು ವರ್ಷಗಳ ವರದಿಗಳು: ಹೆಸರು, ವಯಸ್ಸು, ಊರು, ಮೊಬೈಲ್ ಸಂಖ್ಯೆ, ಕಳಿಸಿದ ವೈದ್ಯರ ಹೆಸರು, ಜೊತೆಗೆ ಮನೆಯವರಿಗೂ ತಿಳಿಯದಿರಲಿ ಎಂದು ಜನ ಬಯಸುವಂತಹ ಪರೀಕ್ಷೆಗಳ ಫಲಿತಾಂಶ. ಅದರಲ್ಲಿ ನಮ್ಮ ಬೀದಿಯವರೇ ಇಬ್ಬರಿದ್ದರು. ನಾನು ತಕ್ಷಣ ಕಿಟಕಿ ಮುಚ್ಚಿದಂತೆ ಆ ಪರದೆಯನ್ನು ಮುಚ್ಚಿಸಿದೆ.

ಆ ಪ್ರಯೋಗಾಲಯದವರನ್ನು ಹುಡುಕಿ ವಿಷಯ ತಿಳಿಸಿದಾಗ ಅವರು ಗಾಬರಿಗೊಂಡರು, ನಮ್ಮ ಎದುರಿಗೇ ಡಿಸ್ಕನ್ನು ನಾಶಪಡಿಸಲು ಒಪ್ಪಿದರು. ಅವರು ದುರುದ್ದೇಶದವರಲ್ಲ. ಆದರೆ ಅವರು ಮತ್ತೆ ಮತ್ತೆ ಹೇಳಿದ ಮಾತೊಂದು ನನ್ನ ಮನಸ್ಸಿನಲ್ಲಿ ಉಳಿದಿದೆ: 'ಅದು ಕೆಟ್ಟುಹೋಗಿತ್ತಲ್ಲ, ಅದಕ್ಕೇ ಗುಜರಿಗೆ ಹಾಕಿದೆವು.' ಚೆನ್ನಾಗಿದ್ದ ಡಿಸ್ಕ್ ಆಗಿದ್ದರೆ ಅವರು ಖಂಡಿತವಾಗಿಯೂ ಎಲ್ಲವನ್ನೂ ಅಳಿಸಿಯೇ ಮಾರುತ್ತಿದ್ದರು. ಕೆಟ್ಟಿದ್ದರಿಂದ, ಅಳಿಸುವ ಅಗತ್ಯವೇ ಇಲ್ಲವೆಂದು ನಂಬಿದರು. ನಮ್ಮಲ್ಲಿ ಬಹುತೇಕರ ನಂಬಿಕೆಯೂ ಇದೇ, ಮತ್ತು ಇದು ಪೂರ್ತಿ ತಲೆಕೆಳಗಾದ ನಂಬಿಕೆ.

ಹಾರ್ಡ್ ಡಿಸ್ಕಿನ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿರುತ್ತವೆ. ದೊಡ್ಡ ಡಿಸ್ಕ್‌ಗಳಲ್ಲಿ ಇವು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವು, ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ಹೆಚ್ಚಾಗಿ ಗಾಜಿನವು. ಅವುಗಳ ಮೇಲೆ ಲೇಪಿಸಿದ, ಕಣ್ಣಿಗೆ ಕಾಣದಷ್ಟು ತೆಳುವಾದ ಕಾಂತೀಯ ಪದರದಲ್ಲಿ ನಮ್ಮ ಕಡತಗಳೆಲ್ಲ ಇರುತ್ತವೆ. ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವಾಗ, ಓದುವ ಹೆಡ್ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ಅದರ ಮೇಲೆ ತೇಲುತ್ತಿರುತ್ತದೆ. ಡಿಸ್ಕ್ ಕೆಟ್ಟಿತು ಎಂದು ನಾವು ಹೇಳುವಾಗ ಕೆಟ್ಟಿರುವುದು ಸಾಮಾನ್ಯವಾಗಿ ಬೋರ್ಡು, ಇಲ್ಲವೇ ಮೋಟಾರು, ಇಲ್ಲವೇ 'ಟಿಕ್ ಟಿಕ್' ಎಂದು ಸದ್ದು ಮಾಡುವ ಆ ಹೆಡ್. ಓದುವ ಸಾಧನ ಕೆಟ್ಟಿದೆಯೇ ಹೊರತು ಬರೆದಿಟ್ಟದ್ದು ಅಳಿಸಿಹೋಗಿಲ್ಲ. ಹೆಡ್ ತಟ್ಟೆಗೆ ತಾಗಿ ಗೀರಿದ್ದರೂ, ಗೀರಿನ ಆಚೀಚಿನದೆಲ್ಲ ಹಾಗೆಯೇ ಇರುತ್ತದೆ. ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯಗಳು ದೂಳಿಲ್ಲದ ಕೋಣೆಯಲ್ಲಿ ಅದೇ ಮಾದರಿಯ ಬೇರೆ ಡಿಸ್ಕಿನ ಹೆಡ್ ತೆಗೆದು ಇದಕ್ಕೆ ಜೋಡಿಸಿ ಓದುತ್ತವೆ; ಮಗುವಿನ ನಾಮಕರಣದ ವಿಡಿಯೊ ಹೋಯಿತೆಂದು ಅಳುತ್ತ ಬಂದವರನ್ನು ನಾವೇ ಅಲ್ಲಿಗೆ ಕಳಿಸುತ್ತೇವೆ.

ಇನ್ನೂ ಮುಖ್ಯವಾದದ್ದೆಂದರೆ, ಕೆಲಸ ಮಾಡುವ ಡಿಸ್ಕನ್ನು ಅಳಿಸುವ ದಾರಿ ನಮ್ಮ ಕೈಯಲ್ಲಿದೆ. ಬರಿಯ ಡಿಲೀಟ್ ಮಾಡಿದರೆ ಅಥವಾ ಗಡಿಬಿಡಿಯಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಪುಸ್ತಕದ ಪರಿವಿಡಿಯನ್ನು ಮಾತ್ರ ಹರಿದಂತೆ, ಪುಟಗಳು ಉಳಿದೇ ಇರುತ್ತವೆ. ಆದರೆ ಇಡೀ ಡಿಸ್ಕಿನ ಮೇಲೆ ಹೊಸದಾಗಿ ಬರೆಸಿದರೆ ಹಳೆಯದು ಹೋಗುತ್ತದೆ. ತಿರುಗದ ಡಿಸ್ಕಿನ ಮೇಲೆ ಏನನ್ನೂ ಬರೆಯಲಾಗದು. ಹೀಗಾಗಿ, ಸುಸ್ಥಿತಿಯಲ್ಲಿರುವ ಹಳೆಯ ಡಿಸ್ಕಿಗಿಂತ ಕೆಟ್ಟುಹೋದ ಡಿಸ್ಕಿನ ವಿಷಯದಲ್ಲೇ ಹೆಚ್ಚು ಎಚ್ಚರ ಬೇಕು. ಅದಕ್ಕೆ ಉಳಿದಿರುವ ದಾರಿ ಭೌತಿಕ ನಾಶವೊಂದೇ, ಇಲ್ಲವೇ ಡಿಗಾಸರ್ ಎಂಬ ಪ್ರಬಲ ಕಾಂತಕ್ಷೇತ್ರದ ಯಂತ್ರ.

ಇದು ನಮ್ಮ ಊರಿನ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹಳೆಯ ಹಾರ್ಡ್ ಡಿಸ್ಕ್‌ಗಳು ಮಾರಾಟವಾಗುವ ಕಡೆಗಳಿಂದ 158 ಡಿಸ್ಕ್‌ಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು ಕೇವಲ 12. ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು ಅವರಿಗೆ ಸಿಕ್ಕವು. ಅಷ್ಟಾದರೂ ದೊಡ್ಡವರು ಕಲಿತಂತಿಲ್ಲ. ಮಾರ್ಗನ್ ಸ್ಟ್ಯಾನ್ಲಿ ಎಂಬ ದೊಡ್ಡ ಹಣಕಾಸು ಸಂಸ್ಥೆ ತನ್ನ ಹಳೆಯ ಸರ್ವರ್ ಮತ್ತು ಹಾರ್ಡ್ ಡಿಸ್ಕ್‌ಗಳ ವಿಲೇವಾರಿಯನ್ನು, ದತ್ತಾಂಶ ನಾಶದಲ್ಲಿ ಯಾವ ಅನುಭವವೂ ಇಲ್ಲದ, ಸಾಮಾನು ಸಾಗಿಸುವ ಕಂಪನಿಗೆ ವಹಿಸಿತ್ತು. ಅವುಗಳಲ್ಲಿ ಕೆಲವು ಗ್ರಾಹಕರ ಮಾಹಿತಿ ಸಮೇತ ಅಂತರ್ಜಾಲದ ಹರಾಜಿನಲ್ಲಿ ಮಾರಾಟವಾದವು. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಣ ಸಂಸ್ಥೆ ಅದಕ್ಕೆ ಮೂರೂವರೆ ಕೋಟಿ ಡಾಲರ್ ದಂಡ ವಿಧಿಸಿತು. ಸುಮಾರು ಒಂದೂವರೆ ಕೋಟಿ ಗ್ರಾಹಕರ ವಿವರ ರಕ್ಷಿಸುವಲ್ಲಿ ವಿಫಲವಾಗಿದೆ ಎಂಬುದು ಆರೋಪ. ಅಷ್ಟು ಹಣ, ಅಷ್ಟು ವಕೀಲರು ಇರುವಲ್ಲೇ ಹೀಗಾದರೆ, ನಮ್ಮ ತಾಲ್ಲೂಕು ಕೇಂದ್ರದ ಸ್ಕ್ಯಾನಿಂಗ್ ಸೆಂಟರ್, ಸಹಕಾರಿ ಸಂಘ, ಸೈಬರ್ ಸೆಂಟರ್‌ಗಳ ಗತಿ ಏನಿರಬೇಕು?

ಸೈಬರ್ ಸೆಂಟರ್ ಎಂದಾಗ ಓದುಗರು ಒಂದು ಕ್ಷಣ ನಿಂತು ಯೋಚಿಸಬೇಕೆಂದು ಕೋರುತ್ತೇನೆ. ಆಧಾರ್ ಪ್ರತಿ, ಪಹಣಿ, ಜಾತಿ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇವೆಲ್ಲವನ್ನೂ ನಾವು ಅಲ್ಲಿ ಸ್ಕ್ಯಾನ್ ಮಾಡಿಸುತ್ತೇವೆ. ಅರ್ಜಿ ಹೋದ ಮೇಲೆ ಆ ಪ್ರತಿ ಎಲ್ಲಿ ಉಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ದುರಸ್ತಿಗೆ ತೆಗೆದುಕೊಂಡ ಅಂತಹ ಕಂಪ್ಯೂಟರ್‌ಗಳಲ್ಲಿ 'ಸ್ಕ್ಯಾನ್' ಎಂಬ ಒಂದೇ ಫೋಲ್ಡರಿನಲ್ಲಿ ಸಾವಿರಾರು ಜನರ ದಾಖಲೆಗಳು ಒಟ್ಟಿಗೆ ಬಿದ್ದಿರುವುದನ್ನು ಕಂಡಿದ್ದೇನೆ. ಆ ಡಿಸ್ಕ್ ಒಂದು ದಿನ ಕೆಡುತ್ತದೆ, ಗುಜರಿಗೆ ಹೋಗುತ್ತದೆ. ಗುಜರಿಯವರು ಅದನ್ನು ಕೊಳ್ಳುವುದು ಹೊರಕವಚದ ಅಲ್ಯೂಮಿನಿಯಮ್ಮಿಗಾಗಿ, ಬೋರ್ಡಿನ ಚಿನ್ನದ ಅಂಶಕ್ಕಾಗಿ. ಅವರಿಗೆ ಮಾಹಿತಿಯ ಗೊಡವೆಯಿಲ್ಲ ಎಂಬುದು ನಿಜ. ಆದರೆ ಆ ರಾಶಿಯಿಂದ ಡಿಸ್ಕ್‌ಗಳನ್ನೇ ಆರಿಸಿ ಕೊಂಡುಹೋಗಿ, ಬದುಕಿಸಲು ಸಾಧ್ಯವಾದವನ್ನು ಬದುಕಿಸಿ ಮಾರುವ ವ್ಯಾಪಾರವೂ ಇದೆ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಜನರು ಮಾಡುವ ಕೆಲವು ಪ್ರಯತ್ನಗಳು ವ್ಯರ್ಥ. ಸ್ಪೀಕರಿನ ಅಥವಾ ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತವನ್ನು ಮೇಲೆ ಉಜ್ಜುವುದರಿಂದ ಏನೂ ಅಳಿಸುವುದಿಲ್ಲ. ಡಿಸ್ಕಿನ ಒಳಗೇ ಅದಕ್ಕಿಂತ ಎಷ್ಟೋ ಪಾಲು ಪ್ರಬಲವಾದ ಅಯಸ್ಕಾಂತಗಳು ಹುಟ್ಟಿನಿಂದಲೇ ಇರುತ್ತವೆ. ಬಕೆಟ್ ನೀರಿನಲ್ಲಿ ಮುಳುಗಿಸಿದರೆ ಬೋರ್ಡು ತುಕ್ಕು ಹಿಡಿಯುತ್ತದೆಯೇ ಹೊರತು ತಟ್ಟೆಯ ಮೇಲಿನ ಬರಹ ಹೋಗುವುದಿಲ್ಲ. ಸುಡುವುದಂತೂ ಅಪಾಯ: ಬೋರ್ಡಿನ ಪ್ಲಾಸ್ಟಿಕ್ ಮತ್ತು ರಾಳ ಸುಟ್ಟ ಹೊಗೆ ಮೊದಲು ಸೇರುವುದು ಸುಟ್ಟವರ ಶ್ವಾಸಕೋಶವನ್ನೇ. ಹೊರಗಿನ ಕವಚಕ್ಕೆ ಸುತ್ತಿಗೆಯ ಎರಡು ಏಟು ಕೊಟ್ಟು ತೃಪ್ತಿಪಟ್ಟರೂ ಸಾಲದು, ಏಕೆಂದರೆ ಅಚ್ಚು ಹೊಯ್ದ ಆ ಕವಚ ಗಟ್ಟಿಯಾಗಿದ್ದು, ಒಳಗಿನ ತಟ್ಟೆಗೆ ಏನೂ ಆಗದಿರಬಹುದು. ಸರಿಯಾದ ಕ್ರಮವೆಂದರೆ ತಿರುಪು ಬಿಚ್ಚಿ ತಟ್ಟೆಯನ್ನೇ ಹೊರತೆಗೆಯುವುದು. ಆರು ಮೊನೆಯ ನಕ್ಷತ್ರದಾಕಾರದ ತಲೆಯಿರುವ ತಿರುಪುಗಳು ಅವು. ಟಿ8 ಎಂದು ಕೇಳಿದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಅದರ ಸ್ಕ್ರೂಡ್ರೈವರ್ ಸಿಗುತ್ತದೆ, ಲ್ಯಾಪ್‌ಟಾಪ್ ಡಿಸ್ಕಿಗೆ ಅದಕ್ಕಿಂತ ಸಣ್ಣದು ಬೇಕಾಗಬಹುದು. ಒಂದು ತಿರುಪು ಸಾಮಾನ್ಯವಾಗಿ ಲೇಬಲ್ಲಿನ ಅಡಿಯಲ್ಲಿ ಅಡಗಿರುತ್ತದೆ. ಬೆರಳಿನಿಂದ ಒತ್ತಿ ಸವರಿದರೆ ಕಾಗದ ತಗ್ಗುವ ಜಾಗ ತಿಳಿಯುತ್ತದೆ. ಮುಚ್ಚಳ ತೆಗೆದ ಮೇಲೆ ಅಲ್ಯೂಮಿನಿಯಂ ತಟ್ಟೆಯಾದರೆ ಮರಳುಕಾಗದದಿಂದ ಎರಡೂ ಬದಿ ಚೆನ್ನಾಗಿ ಉಜ್ಜಿ, ಇಕ್ಕಳದಿಂದ ಮಡಚಬೇಕು. ಗಾಜಿನದಾದರೆ ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಡೆಯಬೇಕು. ಅದು ಸೂಜಿಯಂತಹ ಸಾವಿರ ಚೂರಾಗಿ ಸಿಡಿಯುತ್ತದೆ. ಯಾವುದೆಂದು ತಿಳಿಯದಿದ್ದರೆ ಗಾಜಿನದೆಂದೇ ಭಾವಿಸುವುದು ಕ್ಷೇಮ.

ಈಗಿನ ಕಂಪ್ಯೂಟರ್‌ಗಳಲ್ಲಿ ಬರುತ್ತಿರುವ, ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗಳಿಗೆ ಇದಾವುದೂ ಅನ್ವಯಿಸುವುದಿಲ್ಲ. ಅವುಗಳಲ್ಲಿ ತಟ್ಟೆಯೂ ಇಲ್ಲ, ಕಾಂತೀಯ ಬರಹವೂ ಇಲ್ಲ. ಡಿಗಾಸರ್ ಯಂತ್ರಕ್ಕೂ ಅವು ಬಗ್ಗುವುದಿಲ್ಲ. ಒಳಗಿನ ಪ್ರತಿಯೊಂದು ಮೆಮೊರಿ ಚಿಪ್ ಒಡೆದು ಚೂರಾಗಬೇಕು. ಇದಕ್ಕೆಲ್ಲ ಮೊದಲೇ ಮಾಡಬಹುದಾದ ಒಂದು ಕೆಲಸವಿದೆ, ನನ್ನ ಗ್ರಾಹಕರಿಗೆ ನಾನು ಪದೇ ಪದೇ ಹೇಳುವುದೂ ಅದನ್ನೇ: ಕಂಪ್ಯೂಟರ್ ಕೊಂಡ ಮೊದಲ ದಿನವೇ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕಿಸಿಕೊಳ್ಳಿ. ವಿಂಡೋಸ್‌ನ ಪ್ರೊಫೆಷನಲ್ ಆವೃತ್ತಿಯಲ್ಲಿ ಬಿಟ್‌ಲಾಕರ್ ಇದೆ, ಲಿನಕ್ಸ್‌ನಲ್ಲಿ ಉಚಿತವಾಗಿ ಇದೆ. ಬೀಗದ ಕೀಲಿಪದವನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ಹಾಗೆ ಮಾಡಿದ ಡಿಸ್ಕ್ ಮುಂದೊಂದು ದಿನ ಕೆಟ್ಟರೆ, ಅದು ಯಾರ ಕೈಗೆ ಸಿಕ್ಕರೂ ಕೀಲಿಯಿಲ್ಲದೆ ಓದಲಾಗದು.

ವಾರಂಟಿಯ ವಿಷಯವನ್ನೂ ಹೇಳಬೇಕು. ಅವಧಿಯೊಳಗೆ ಕೆಟ್ಟ ಡಿಸ್ಕಿಗೆ ಕಂಪನಿಗಳು ಹೊಸದನ್ನು ಕೊಡುತ್ತವೆ, ಆದರೆ ಹಳೆಯದನ್ನು ವಾಪಸ್ ಕೇಳುತ್ತವೆ. ಕೆಟ್ಟದ್ದು ತಿರುಗುವುದೇ ಇಲ್ಲವಾದ್ದರಿಂದ ಅಳಿಸಿ ಕೊಡುವ ಪ್ರಶ್ನೆಯೇ ಬರುವುದಿಲ್ಲ. ಒಳಗಿದ್ದದ್ದೆಲ್ಲ ಜೊತೆಗೇ ಹೋಗುತ್ತದೆ. ಕೆಲವು ಕಂಪನಿಗಳು ಸ್ವಲ್ಪ ಹೆಚ್ಚು ಹಣ ಪಡೆದು ಕೆಟ್ಟ ಡಿಸ್ಕನ್ನು ಗ್ರಾಹಕರೇ ಇಟ್ಟುಕೊಳ್ಳುವ ಅವಕಾಶ ಕೊಡುತ್ತವೆ. ಆಸ್ಪತ್ರೆ, ಬ್ಯಾಂಕು, ಸರ್ಕಾರಿ ಕಚೇರಿಗಳು ಟೆಂಡರ್ ಕರೆಯುವಾಗಲೇ ಈ ಷರತ್ತನ್ನು ಸೇರಿಸಬೇಕು. ಒಂದು ಹೊಸ ಡಿಸ್ಕಿನ ಆಸೆಗೆ ರೋಗಿಗಳ ದಾಖಲೆ ಬಿಟ್ಟುಕೊಡುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಇನ್ನು, ನಾಶ ಮಾಡಿದರಷ್ಟೇ ಸಾಕು ಎಂದು ಹೇಳಿ ಮುಗಿಸಿದರೆ ಅರ್ಧ ಮಾತು ಮಾತ್ರ ಹೇಳಿದಂತಾಗುತ್ತದೆ. ಡಿಸ್ಕಿನ ಹೆಡ್ ಅತ್ತಿತ್ತ ಚಲಿಸುವುದು ಎರಡು ಬಾಳೆಹಣ್ಣಿನ ಚೂರಿನಂತೆ ಬಾಗಿದ ಅಯಸ್ಕಾಂತಗಳ ನಡುವೆ. ನಾನು ಬಿಚ್ಚಿದ ಡಿಸ್ಕ್‌ಗಳ ಅಯಸ್ಕಾಂತಗಳಲ್ಲಿ ಎರಡನ್ನು ಅಂಗಡಿಯ ಕಬ್ಬಿಣದ ಬೀರುವಿಗೆ ಅಂಟಿಸಿದ್ದೇನೆ. ಮಕ್ಕಳು ಎಳೆದರೆ ಬರುವುದಿಲ್ಲ, ಎರಡರ ನಡುವೆ ಬೆರಳು ಸಿಕ್ಕರೆ ರಕ್ತ ಹೆಪ್ಪುಗಟ್ಟುವಷ್ಟು ಬಲ. ಅವುಗಳಲ್ಲಿ ನಿಯೋಡಿಮಿಯಂ ಎಂಬ ವಿರಳ ಭೂಧಾತುವಿದೆ. ಎಲೆಕ್ಟ್ರಿಕ್ ವಾಹನಗಳ ಮೋಟಾರಿಗೂ ಗಾಳಿಯಂತ್ರಕ್ಕೂ ಬೇಕಾದ ಲೋಹವದು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ವಿರಳ ಭೂಧಾತುಗಳ ಮತ್ತು ಅವುಗಳಿಂದಾದ ಅಯಸ್ಕಾಂತಗಳ ರಫ್ತಿನ ಮೇಲೆ ನಿಯಂತ್ರಣ ಹೇರಿದಾಗ ನಮ್ಮ ದೇಶದ ವಾಹನ ತಯಾರಕರು ಪರದಾಡಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅದೇ ಬಗೆಯ ಅಯಸ್ಕಾಂತ ನಮ್ಮ ಗುಜರಿಗಳಲ್ಲಿ ಕಬ್ಬಿಣದ ತೂಕಕ್ಕೆ ಹೋಗುತ್ತಿದೆ.

ಇಲ್ಲಿ ಒಂದು ತೊಡಕಿದೆ. ಡಿಸ್ಕನ್ನು ಇಡಿಯಾಗಿ ಯಂತ್ರಕ್ಕೆ ಹಾಕಿ ಪುಡಿಮಾಡಿದರೆ ಮಾಹಿತಿ ನಾಶವಾಗುತ್ತದೆ, ಆದರೆ ಅಯಸ್ಕಾಂತದ ಪುಡಿ ಕಬ್ಬಿಣದ ಚೂರುಗಳಿಗೂ ಯಂತ್ರದ ಗೋಡೆಗೂ ಅಂಟಿಕೊಂಡು ಕಳೆದುಹೋಗುತ್ತದೆ. ಆದ್ದರಿಂದ ಮೊದಲು ಅಯಸ್ಕಾಂತ ಮತ್ತು ಬೋರ್ಡನ್ನು ಬಿಡಿಸಿ, ನಂತರ ತಟ್ಟೆಯನ್ನು ಪುಡಿಮಾಡುವ ಕ್ರಮ ಬೇಕು. ಅದಕ್ಕೆ ಕೈಕೆಲಸ ಬೇಕು, ಕೈಕೆಲಸಕ್ಕೆ ಕೂಲಿ ಬೇಕು. ಆದರೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಅಡಿ ಮರುಬಳಕೆದಾರರಿಗೆ, ತಯಾರಕ ಕಂಪನಿಗಳಿಗೆ ಮಾರಬಹುದಾದ ಪ್ರಮಾಣಪತ್ರ ಸಿಗುವುದು ಚಿನ್ನ, ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಈ ನಾಲ್ಕು ಲೋಹಗಳ ಲೆಕ್ಕದಲ್ಲಿ. ನಿಯೋಡಿಮಿಯಂ ಆ ಲೆಕ್ಕದಲ್ಲಿಲ್ಲ. ಲೆಕ್ಕಕ್ಕಿಲ್ಲದ್ದನ್ನು ಯಾರು ಬಿಡಿಸಿ ತೆಗೆದಾರು? ನಿರ್ಣಾಯಕ ಖನಿಜಗಳ ಮರುಬಳಕೆಗೆಂದು ಕೇಂದ್ರ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ 1,500 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆಗೆ ಒಪ್ಪಿಗೆ ನೀಡಿದೆ. ಸ್ವಾಗತಾರ್ಹವೇ. ಆದರೆ ಆ ಹಣ ಕಾರ್ಖಾನೆ ಕಟ್ಟುವವರಿಗೆ ತಲುಪುತ್ತದೆ. ನನ್ನ ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಆ ಕಾರ್ಖಾನೆಯವರೆಗಿನ ದಾರಿಯನ್ನು ಯಾರಾದರೂ ಹಾಕಬೇಕಲ್ಲ.

ಕಾರ್ಖಾನೆಗಳು ಇಲ್ಲವೆಂದಲ್ಲ. ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ದಾಬಸ್‌ಪೇಟೆಯಲ್ಲೇ, ದೇಶದ ಮೊದಮೊದಲ ಅಧಿಕೃತ ಇ-ತ್ಯಾಜ್ಯ ಘಟಕಗಳಲ್ಲಿ ಒಂದಾದ ಇ-ಪರಿಸರ 2005ರಿಂದ ಇದೆ. ರಾಜ್ಯದಲ್ಲಿ ನೋಂದಾಯಿತ ಮರುಬಳಕೆದಾರರು ಇನ್ನೂ ಅನೇಕರಿದ್ದಾರೆ. ಆದರೆ ಅವರ ವ್ಯವಹಾರ ಟನ್ನುಗಳಲ್ಲಿ. ಅರ್ಧ ಕಿಲೋ ತೂಕದ ಒಂದು ಡಿಸ್ಕ್ ಹಿಡಿದು ಯಾವ ಗೃಹಿಣಿಯೂ ಯಾವ ವೈದ್ಯರೂ ದಾಬಸ್‌ಪೇಟೆಗೆ ಹೋಗುವುದಿಲ್ಲ. ನಿಯಮಗಳಲ್ಲಿ 'ಬೃಹತ್ ಗ್ರಾಹಕ' ಎಂದರೆ ವರ್ಷದಲ್ಲಿ ಯಾವುದೇ ಸಮಯದಲ್ಲಿ ಕನಿಷ್ಠ ಒಂದು ಸಾವಿರ ಉಪಕರಣ ಬಳಸಿದವರು. ಹತ್ತು ಕಂಪ್ಯೂಟರಿನ ಶಾಲೆ, ಮೂರು ಕಂಪ್ಯೂಟರಿನ ಕ್ಲಿನಿಕ್, ಒಂದೇ ಕಂಪ್ಯೂಟರಿನ ಪತ್ರಬರಹಗಾರರ ಕಚೇರಿ ಆ ವ್ಯಾಖ್ಯೆಯ ಹೊರಗೇ ಉಳಿಯುತ್ತವೆ, ಜಿಲ್ಲೆಯ ಹೆಚ್ಚಿನ ಮಾಹಿತಿ ಇರುವುದು ಮಾತ್ರ ಅಲ್ಲೇ. ಇನ್ನೊಂದೆಡೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಅದರ ಮುಖ್ಯ ಕರ್ತವ್ಯಗಳು ಹದಿನೆಂಟು ತಿಂಗಳ ನಂತರ ಜಾರಿಗೆ ಬರಲಿವೆ. ಮಾಹಿತಿ ಸೋರದಂತೆ ತಕ್ಕ ರಕ್ಷಣೆ ಒದಗಿಸದವರಿಗೆ ಗರಿಷ್ಠ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ದಂಡದ ಭಯ ಹುಟ್ಟಿಸುವ ಮೊದಲು, ನಿಯಮ ಪಾಲಿಸಲು ಇಚ್ಛಿಸುವವರಿಗೆ ಡಿಸ್ಕ್ ಕೊಡಲು ಒಂದು ಜಾಗವಾದರೂ ಇರಬೇಡವೇ?

ಸರ್ಕಾರಿ ಕಚೇರಿಗಳ ಕಷ್ಟ ಬೇರೆಯದೇ. ಒಂದು ಕಚೇರಿಯ ಸಿಬ್ಬಂದಿ ನನಗೆ ಹೇಳಿದಂತೆ, ದಾಸ್ತಾನು ಪುಸ್ತಕದಲ್ಲಿ ಕಂಪ್ಯೂಟರ್ ಒಂದೇ ವಸ್ತುವಾಗಿ ನಮೂದಾಗಿರುವುದರಿಂದ, ಒಳಗಿನ ಡಿಸ್ಕನ್ನು ಬೇರೆಯಾಗಿ ತೆಗೆದು ನಾಶ ಮಾಡಿದರೆ ಲೆಕ್ಕಪರಿಶೋಧನೆಯಲ್ಲಿ 'ಬಿಡಿಭಾಗ ಕಾಣೆಯಾಗಿದೆ' ಎಂಬ ಆಕ್ಷೇಪಣೆ ಬರುತ್ತದೆಂಬ ಹೆದರಿಕೆ. ಹೀಗಾಗಿ ಕಂಪ್ಯೂಟರ್‌ಗಳು ಇದ್ದ ಸ್ಥಿತಿಯಲ್ಲೇ ಹರಾಜಿಗೆ ಹೋಗುತ್ತವೆ. ಆ ಹೆದರಿಕೆ ಸಹಜ. ಅದನ್ನು ಹೋಗಲಾಡಿಸಲು ಒಂದು ಸುತ್ತೋಲೆ ಸಾಕು.

ನನ್ನ ಕೋರಿಕೆ ದೊಡ್ಡದಲ್ಲ. ತಿಂಗಳಿಗೊಂದು ನಿಗದಿತ ದಿನ, ಪಾಲಿಕೆಯ ಅಥವಾ ಜಿಲ್ಲಾ ಪಂಚಾಯಿತಿಯ ಆವರಣದಲ್ಲಿ, ಹಾರ್ಡ್ ಡಿಸ್ಕ್‌ಗಳನ್ನು ತಂದವರ ಕಣ್ಣೆದುರಿಗೇ ನಾಶಪಡಿಸುವ ಏರ್ಪಾಡಾಗಲಿ. ಪ್ರತಿ ಡಿಸ್ಕಿನ ಲೇಬಲ್ಲಿನ ಮೇಲೆ ಸೀರಿಯಲ್ ಸಂಖ್ಯೆ ಇರುತ್ತದೆ. ಅದನ್ನು ನಮೂದಿಸಿ, ನಾಶವಾಯಿತೆಂದು ಮುದ್ರೆಯೊತ್ತಿದ ಚೀಟಿಯೊಂದನ್ನು ಕೊಟ್ಟರೆ ಕಚೇರಿಯವರು ಅದನ್ನೇ ದಾಸ್ತಾನು ಪುಸ್ತಕಕ್ಕೆ ಲಗತ್ತಿಸಬಹುದು. ತಟ್ಟೆಯನ್ನು ತೂತು ಕೊರೆದು ಬಗ್ಗಿಸುವ ಕೈಯಂತ್ರಕ್ಕೆ ದೊಡ್ಡ ಕಾರ್ಖಾನೆ ಬೇಕಿಲ್ಲ, ಒಂದು ಮೇಜು ಸಾಕು. ಅಯಸ್ಕಾಂತ ಮತ್ತು ಬೋರ್ಡು ಬಿಡಿಸುವ ಕೆಲಸವನ್ನು ಈಗ ಗುಜರಿಯಲ್ಲಿ ಬರಿಗೈಯಲ್ಲಿ ಮಾಡುತ್ತಿರುವವರಿಗೇ ತರಬೇತಿ, ಕೈಗವಸು, ಕನ್ನಡಕ ಮತ್ತು ದಿನಗೂಲಿ ಕೊಟ್ಟು ವಹಿಸಲಿ. ಆ ಕೈಗಳಿಗೆ ನನಗಿಂತ ಹೆಚ್ಚು ಚುರುಕಿದೆ. ಬಿಡಿಸಿದ್ದನ್ನು ನೋಂದಾಯಿತ ಮರುಬಳಕೆದಾರರು ಒಟ್ಟಾಗಿ ಒಯ್ಯಲಿ. ಜೊತೆಗೆ, ಹರಾಜಿಗೆ ಹೋಗುವ ಯಾವ ಸರ್ಕಾರಿ ಕಂಪ್ಯೂಟರಿನಲ್ಲೂ ಡಿಸ್ಕ್ ಇರಕೂಡದೆಂಬ ಸುತ್ತೋಲೆಯನ್ನು ಜಿಲ್ಲಾಡಳಿತ ಹೊರಡಿಸಲಿ.

ಓದುಗರಲ್ಲೂ ಒಂದು ವಿನಂತಿ. ದುರಸ್ತಿಗೆ ಕೊಟ್ಟ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿಸಿದಾಗ ಹಳೆಯದನ್ನು ಕೇಳಿ ಪಡೆಯಿರಿ, ಅಂಗಡಿ ನನ್ನದೇ ಆಗಿದ್ದರೂ ಸರಿಯೇ. ನನ್ನಲ್ಲಿರುವ 163ರ ಪೈಕಿ ಮಾಲೀಕರ ಗುರುತು ಸಿಕ್ಕವರಿಗೆಲ್ಲ ಈ ವಾರದಿಂದ ಫೋನ್ ಮಾಡುತ್ತಿದ್ದೇನೆ. ನಲವತ್ತು ಮಂದಿ ಸಿಕ್ಕಿದ್ದಾರೆ, ಹನ್ನೊಂದು ಜನ ಬಂದು ತೆಗೆದುಕೊಂಡು ಹೋಗಿದ್ದಾರೆ. ಉಳಿದವುಗಳ ಸೀರಿಯಲ್ ಸಂಖ್ಯೆಗಳ ಪಟ್ಟಿ ಸಿದ್ಧವಾಗಿದೆ. ಪಾಲಿಕೆಯವರು ದಿನ ಗೊತ್ತುಮಾಡಿದರೆ ಎರಡೂ ಪೆಟ್ಟಿಗೆಗಳನ್ನು ನಾನೇ ಹೊತ್ತು ತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ದುರಸ್ತಿಗಾರ, ತುಮಕೂರು